ಜೇನು ಟೆಂಪೋಗೆ ಹೇಳಿದ ಹನ್ನೊಂದು ಗಂಟೆ

ನಮ್ಮೂರಿನಿಂದ ಆಚೆ ದೇಶಕ್ಕೆ ಗಾಡಿ ಹೊಡೆಯುವವರು ಹೊರಡುವ ಮೊದಲು ನನಗೆ ಫೋನ್ ಮಾಡುತ್ತಾರೆ. ಗಾಡಿಯ ನಂಬರು ಹೇಳುತ್ತಾರೆ, ಒಳಗೆ ಯಾರಿದ್ದಾರೆ, ಏನು ತುಂಬಿದೆ ಎಂದು ಹೇಳುತ್ತಾರೆ. ಅದನ್ನು ನಾನು ಗೋಡೆಯ ಹಿತ್ತಾಳೆ ಪಟ್ಟಿಯ ಮುಂದೆ ನಿಂತು ಜೋರಾಗಿ ಇನ್ನೊಮ್ಮೆ ಹೇಳುತ್ತೇನೆ. ಪಟ್ಟಿಯ ಮುಂದೆ ಇಳಿಬಿದ್ದಿರುವ ಉದ್ದನೆಯ ಮುಳ್ಳು ಒಮ್ಮೆ ನಡುಗಿ, ಅತ್ತಿತ್ತ ಸರಿದಾಡಿ, ಒಂದು ಕಡೆ ನಿಲ್ಲುತ್ತದೆ. ಅದು ನಿಂತಲ್ಲಿ ಯಾವ ಗೆರೆ ಇದೆಯೋ ಅದನ್ನು ಓದಿ ಮೈಕಿನಲ್ಲಿ ಹೇಳುತ್ತೇನೆ. ಮೈಕಿನಲ್ಲಿ ಹೇಳಿದ ಮೇಲೆ ಅದು ಆ ಗಾಡಿಯ ಕಾಲ. ಗಡಿ ಗೇಟಿನ ಮುಂದಿನ ಮೈದಾನದಲ್ಲಿ ಅಷ್ಟು ಹೊತ್ತು ಕಾದರೆ ದಾರಿಗೆ ಅಡ್ಡ ಹಾಕಿದ ಕಂಬ ತಾನಾಗಿಯೇ ಮೇಲೇಳುತ್ತದೆ. ಒಂದು ನಿಮಿಷ ಮೊದಲು ಹತ್ತು ಜನ ಸೇರಿ ಎತ್ತಿದರೂ ಏಳುವುದಿಲ್ಲ.

ಒಬ್ಬರಿಗೆ ಒಂಬತ್ತು ನಿಮಿಷ, ಇನ್ನೊಬ್ಬರಿಗೆ ಒಂಬತ್ತು ದಿನ ಯಾಕೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಒಬ್ಬರ ಕೂದಲು ಗುಂಗುರು, ಇನ್ನೊಬ್ಬರದು ನೆಟ್ಟಗೆ, ಅದನ್ನು ಕೇಳುತ್ತೇವೆಯೇ? ಮದುವೆ ಕರೆಯೋಲೆಯ ಕೆಳಗೆ 'ಕಾಲ ಕೇಳಿಕೊಂಡು ಹೊರಡಿ' ಎಂದು ಅಚ್ಚು ಹಾಕಿಸುತ್ತಾರೆ. ಬೀದಿಯಲ್ಲಿ ಎದುರಾದವರು ಊಟ ಆಯಿತಾ ಎಂದು ಕೇಳುವ ಬದಲು "ಎಷ್ಟು ಬಂತು?" ಎನ್ನುತ್ತಾರೆ. ಕಡಿಮೆ ಬಂದವರು ಜಂಬ ಪಡದೆ ತಲೆ ತಗ್ಗಿಸಿ ಹೇಳುವುದು ಮರ್ಯಾದೆ. ಮೈದಾನದಲ್ಲಿ ಕ್ಷೌರಿಕರಿದ್ದಾರೆ, ದರ್ಜಿ ಇದ್ದಾನೆ, ಹದಿಮೂರು ದಿನ ಬಂದ ಮೇಷ್ಟ್ರೊಬ್ಬರು ಅಲ್ಲೇ ಇಬ್ಬರು ಲಾರಿ ಡ್ರೈವರುಗಳಿಗೆ ಸಹಿ ಹಾಕಲು ಕಲಿಸಿ ಹೋದರು. ಕಾಲ ಗಾಡಿಗಷ್ಟೇ ಅಂಟುವುದಿಲ್ಲ, ಒಳಗಿದ್ದವರಿಗೂ ಸರಕಿಗೂ ಅಂಟುತ್ತದೆ. ಆರು ದಿನ ಬಂದ ಮದುಮಗನೊಬ್ಬ ಗೆಳೆಯನ ಕಾರಿಗೆ ಹಾರಿಕೊಂಡ. ಗೆಳೆಯನ ಕಾರಿಗೂ ಕಂಬ ಏಳಲಿಲ್ಲ. ಕೊನೆಗೆ ನಾಲ್ಕು ನಿಮಿಷ ಬಂದಿದ್ದ ಮದುಮಗಳೇ ಈಚೆ ಬಂದು ಮೈದಾನದಲ್ಲಿ ತಾಳಿ ಕಟ್ಟಿಸಿಕೊಂಡಳು. ಹೇಳಿಸಿಕೊಂಡ ಕಾಲ ಹಳತಾಗುವುದೂ ಇಲ್ಲ. ಇವತ್ತು ಬೇಡವೆಂದು ಮನೆಗೆ ಹೋಗಿ ಮುಂದಿನ ವರ್ಷ ಬಂದರೂ ಅದೇ ಕಾಲ ಕಾದಿರುತ್ತದೆ. ಸೂರ್ಯ ಮುಳುಗಿದರೆ ಕಂಬ ಮಲಗುತ್ತದೆ, ಅದರ ಜೊತೆಗೆ ಕಾಲವೂ ಮಲಗುತ್ತದೆ. ಬೆಳಿಗ್ಗೆ ಎರಡೂ ಒಟ್ಟಿಗೆ ಏಳುತ್ತವೆ.

ನಾನು ಈ ಕೆಲಸಕ್ಕೆ ಸೇರಿ ಹನ್ನೆರಡು ವರ್ಷವಾಯಿತು. ಅದಕ್ಕೂ ಮೊದಲು ಹಗಲು ಬೇಕರಿಯಲ್ಲಿ ರಸ್ಕು ಕಟ್ಟುತ್ತಿದ್ದೆ, ಸಂಜೆ ಕಾಲೇಜಿಗೆ ಹೋಗುತ್ತಿದ್ದೆ. ಅಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಮೇಷ್ಟ್ರು ಒಂದು ದಿನ ಅಳತೆಪಟ್ಟಿಯ ಮೇಲೆ ಬೆರಳಗಲ ಎತ್ತರದಲ್ಲಿ ಒಂದು ದಾರ ಹಿಡಿದು, ಎಡಕ್ಕೆ ನಿಂತವರನ್ನು ಕೇಳಿದರು, ಬಲಕ್ಕೆ ನಿಂತವರನ್ನು ಕೇಳಿದರು. ಒಂದೇ ದಾರ, ಇಬ್ಬರದೂ ಬೇರೆ ಬೇರೆ ಅಳತೆ. "ಇದಕ್ಕೆ ಓರೆನೋಟದ ದೋಷ ಅಂತಾರೆ. ಪಟ್ಟಿ ತಪ್ಪಲ್ಲ, ದಾರ ತಪ್ಪಲ್ಲ. ನಿಂತ ಜಾಗ ತಪ್ಪು," ಎಂದರು. ಆ ಒಂದು ಮಾತನ್ನು ಸಂದರ್ಶನದಲ್ಲಿ ಹೇಳಿದ್ದಕ್ಕೇ ನನಗೆ ಕೆಲಸ ಸಿಕ್ಕಿತು ಎಂದುಕೊಂಡಿದ್ದೇನೆ. ನಮ್ಮ ಮುಳ್ಳು ಪಟ್ಟಿಯಿಂದ ಎರಡು ಬೆರಳು ಮುಂದಕ್ಕಿದೆ. ಸೇರಿದ ಮೊದಲ ವಾರವೇ ಪಟ್ಟಿಯ ನಡುವಿಗೆ ನೇರವಾಗಿ ನೆಲದ ಮೇಲೆ ಕೆಂಪು ಬಣ್ಣದಲ್ಲಿ ಎರಡು ಪಾದದ ಗುರುತು ಬರೆದೆ. ಅವತ್ತಿನಿಂದ ಅಲ್ಲೇ ನಿಂತು ಓದುತ್ತೇನೆ. ಮುಳ್ಳು ಯಾವ ತುದಿಯಲ್ಲಿ ನಿಂತರೂ ಅಲ್ಲಿಂದ ಸರಿಯಾಗಿ ಕಾಣುವಂತೆ ಪಟ್ಟಿಯ ಗೆರೆಗಳನ್ನು ಕೆತ್ತಿದ್ದಾರೆ. ಬೇರೆ ಕಡೆ ನಿಂತರೆ ಕಷ್ಟ. ಎಡಗಡೆಯ ಅರ್ಧ ಪಟ್ಟಿ ಮೊದಲ ಒಂದು ಗಂಟೆಗೇ ಹೋಗಿದೆ, ಬಲಗಡೆಯ ಅರ್ಧದಲ್ಲಿ ಹದಿನೈದು ದಿನ ಇರುವೆ ಸಾಲಿನ ಹಾಗೆ ಒತ್ತಿಕೊಂಡಿದೆ.

ಇಷ್ಟಾದರೂ ನನಗೆ ಅನುಮಾನ ಬಿಟ್ಟಿಲ್ಲ. ಮೈಕಿನಲ್ಲಿ ಹೇಳುವ ಮೊದಲು ಎರಡು ಸಲ ನೋಡುತ್ತೇನೆ, ಮೂರನೇ ಸಲವೂ ನೋಡುತ್ತೇನೆ. ಮನೆಗೆ ಹೋದ ಮೇಲೆ ಇಪ್ಪತ್ತು ಎಂದೆನೋ ಇಪ್ಪತ್ತೆರಡು ಎಂದೆನೋ ಎಂದು ಅನ್ನ ಕಲಸಿದ ಕೈ ಹಾಗೇ ನಿಂತುಬಿಡುತ್ತದೆ. ಒಮ್ಮೆ ರಜೆಯ ದಿನ ಆಫೀಸಿಗೆ ಓಡಿಹೋಗಿ ಕಾವಲುಗಾರನನ್ನು ಎಬ್ಬಿಸಿ ಪುಸ್ತಕ ತೆಗೆಸಿ ನೋಡಿದ್ದೆ. ಸರಿಯಾಗಿಯೇ ಇತ್ತು. ಯಾವಾಗಲೂ ಸರಿಯಾಗಿಯೇ ಇರುತ್ತಿತ್ತು. ನಮ್ಮ ಮುಖ್ಯಸ್ಥರು ಪರಶಿವಯ್ಯನವರು, ಮೂವತ್ತೊಂದು ವರ್ಷ ಅದೇ ಕುರ್ಚಿಯಲ್ಲಿ ಕೂತವರು, ಹೇಳುತ್ತಿದ್ದರು: "ನಿಮ್ಮ ಅನುಮಾನ ಒಂದು ಕೆಮ್ಮು ಇದ್ದ ಹಾಗೆ ಪ್ರಮೀಳಮ್ಮ. ಬರುತ್ತೆ, ಹೋಗುತ್ತೆ. ಕೆಮ್ಮು ಬಂತು ಅಂತ ಯಾರಾದ್ರೂ ಸಾಯ್ತಾರಾ?" ಈ ಆಫೀಸಿನಿಂದ ಹೊರಬಿದ್ದ ಒಂದು ಕಾಲವನ್ನೂ ಇದುವರೆಗೆ ತಿದ್ದಿಲ್ಲ ಎಂಬುದು ಅವರ ದೊಡ್ಡ ಹೆಮ್ಮೆ.

ಅವತ್ತು ಅಮಾವಾಸ್ಯೆ. ಅಮಾವಾಸ್ಯೆಗೆ ನಮ್ಮವರು ಪ್ರಯಾಣ ಹೊರಡುವುದಿಲ್ಲ, ಫೋನು ಬರುವುದಿಲ್ಲ. ಅದಕ್ಕೇ ಆ ದಿನ ನೋಡಿ ಗೋಡೆಗೆ ಸುಣ್ಣ ಹೊಡೆಯಲು ಪಾಪಣ್ಣನನ್ನು ಕರೆಸಿದ್ದರು. ನಾನು ಬೆಳಗಾಗುವಾಗ ಬಾಗಿಲು ತೆರೆಯುವಷ್ಟರಲ್ಲಿ ಅವನು ಆಗಲೇ ಏಣಿ ಹತ್ತಿದ್ದ. ನೆಲದ ತುಂಬ ಹಳೆಯ ಪತ್ರಿಕೆ ಹಾಸಿದ್ದ. ಆರು ಗಂಟೆಗೆ ಫೋನು ಹೊಡೆದುಕೊಂಡಿತು.

"ಅಕ್ಕಾ, ನಾನು ಜೇನು ಚೌಡಕ್ಕ. ಅಮಾಸೆ ದಿನ ಕಾಟ ಕೊಡ್ತಾವ್ಳೆ ಅಂತ ಬಯ್ಕಬ್ಯಾಡ."

"ಯಾಕ್ರಿ ಬಯ್ಲಿ? ನಂಬರು ಹೇಳಿ."

"ನಾಕು ಸೊನ್ನೆ ಏಳು ಒಂದು, ಟೆಂಪೋ. ಒಳಗೆ ನಾನೊಬ್ಳು, ಅರವತ್ತು ಜೇನು ಪೆಟ್ಟಿಗೆ. ಹುಳ ಎಷ್ಟು ಅಂತ ಮಾತ್ರ ಕೇಳ್ಬ್ಯಾಡ, ಎಣಿಸಿಲ್ಲ."

ಅವಳು ಪ್ರತಿವರ್ಷ ಈ ಕಾಲಕ್ಕೆ ದಾಟುತ್ತಾಳೆ. ನಮ್ಮ ಕಡೆ ಹೂವು ಮುಗಿಯುವ ಹೊತ್ತಿಗೆ ಆಚೆ ಹುಚ್ಚೆಳ್ಳು ಹೂ ಬಿಟ್ಟಿರುತ್ತದೆ. ಹುಳಗಳು ಗೂಡಿನಲ್ಲಿರುವಾಗ ಪೆಟ್ಟಿಗೆಯ ಬಾಯಿ ಮುಚ್ಚಿ, ಟೆಂಪೋಗೆ ಏರಿಸಿ, ಮಧ್ಯಾಹ್ನದೊಳಗೆ ಆಚೆ ಹೊಲದಲ್ಲಿ ಬಾಯಿ ತೆರೆಯಬೇಕು. ಬಿಸಿಲೇರಿದರೆ ಒಳಗಿನ ಮೇಣ ಕರಗುತ್ತದೆ, ಹುಳ ಉಸಿರುಕಟ್ಟಿ ಸಾಯುತ್ತವೆ. ಇಷ್ಟು ವರ್ಷ ಅವಳಿಗೆ ಒಂದೂವರೆ ಗಂಟೆ, ಎರಡು ಗಂಟೆ, ಹೀಗೆ ಬಂದಿತ್ತು.

ನಾನು ಪಟ್ಟಿಯ ಮುಂದೆ ಹೋಗಿ ನಂಬರು ಹೇಳಿದೆ. ಪಾಪಣ್ಣ ಮೇಲೆ ಕುಂಚ ಎಳೆಯುತ್ತಿದ್ದ, ಸುಣ್ಣ ಹನಿಯುತ್ತಿತ್ತು. ಸೀರೆ ಹೊಸದು. ಸೆರಗು ಎತ್ತಿ ಹಿಡಿದುಕೊಂಡು ನಿಂತೆ. ಮುಳ್ಳು ನಡುಗಿತು, ಸರಿಯಿತು, ಹನ್ನೊಂದು ಗಂಟೆಯ ಗೆರೆಯ ಮೇಲೆ ನಿಂತಿತು. ಇನ್ನೊಮ್ಮೆ ನೋಡಿದೆ. ಮತ್ತೊಮ್ಮೆ ನೋಡಿದೆ.

"ಮುಳ್ಳು ಸವೆದುಹೋಗುತ್ತೆ ಪ್ರಮೀಳಮ್ಮ, ಹೇಳಿಬಿಡಿ," ಎಂದರು ಪರಶಿವಯ್ಯನವರು.

ನಾನು ಮೈಕಿನಲ್ಲಿ ಹೇಳಿದೆ. ಫೋನಿನಲ್ಲೂ ಹೇಳಿದೆ.

"ಹನ್ನೊಂದು ನಿಮಿಷ ಅಲ್ವಾ ಅಕ್ಕ?"

"ಗಂಟೆ, ಚೌಡಕ್ಕ."

"ಸರಿ ಬುಡವ್ವ," ಎಂದಳು. "ನಿನ್ ಕೈಲೇನದೆ."

ಅರ್ಧ ಗಂಟೆಯಲ್ಲಿ ಅವಳ ಟೆಂಪೋ ಮೈದಾನಕ್ಕೆ ಬಂತು. ಕಿಟಕಿಯಿಂದ ನೋಡಿದೆ. ನೆರಳಿಗೆ ಒಂದು ಮರವೂ ಇಲ್ಲದ ಮೈದಾನ ಅದು. ಅವಳು ಬೋರ್‌ವೆಲ್ಲಿನಿಂದ ನೀರು ಹೊತ್ತು ತಂದು ಗೋಣಿಚೀಲ ನೆನೆಸಿ ಪೆಟ್ಟಿಗೆಗಳ ಮೇಲೆ ಹೊದಿಸುತ್ತಿದ್ದಳು. ಗೇಟು ಕಾಯುವ ಲಾಜರ್ ಅವಳ ಹತ್ತಿರ ಹೋಗಿ, ಮನೆಗೆ ಹಿಂತಿರುಗಬಾರದೇ ಎಂದು ಕೇಳಿದನಂತೆ. "ಮನೇಗೋದ್ರೆ ಹೂವಿಲ್ದೆ ಸಾಯ್ತವೆ, ಇಲ್ಲಿ ನಿಂತ್ರೆ ಸೆಕೆಗೆ ಸಾಯ್ತವೆ. ಸಾಯೋದೇ ಆದ್ರೆ ಹೂವಿನ ಕಡೆ ಮುಖ ಮಾಡ್ಕಂಡು ಸಾಯ್ಲಿ," ಎಂದಳಂತೆ. ಇಲ್ಲೇ ಬಾಯಿ ತೆಗೆದು ಹಾರಲು ಬಿಡು ಎಂದು ಇನ್ಯಾರೋ ಹೇಳಿದರು. ಬಿಟ್ಟರೆ ಹುಳ ಈ ಮೈದಾನವನ್ನೇ ಮನೆ ಎಂದುಕೊಳ್ಳುತ್ತವೆ, ಮತ್ತೆ ಒಂದೂ ಕೈಗೆ ಸಿಗುವುದಿಲ್ಲ. ಇದನ್ನೆಲ್ಲ ಲಾಜರ್ ಬಂದು ನಮಗೆ ವರದಿ ಮಾಡಿದ. ಹತ್ತು ಗಂಟೆಗೆ ಸ್ವಲ್ಪ ಮೊದಲು ಮತ್ತೆ ಬಂದ.

"ಮೇಡಂ, ಆ ಟೆಂಪೋ ಒಳಗೆ ರೈಸ್ ಮಿಲ್ ಓಡ್ತಿದೆ. ಎಲ್ಲಾ ಹುಳ ಸೇರ್ಕೊಂಡು ರೆಕ್ಕೆ ಬೀಸ್ತಿವೆಯಂತೆ, ಗಾಳಿ ಹಾಕ್ಕೊಳ್ಳಕ್ಕೆ. ಪಾಪ, ಆಯಮ್ಮ ಟವಲ್ ತಗೊಂಡು ತಾನೂ ಬೀಸ್ತಾವ್ಳೆ. ಅರವತ್ತು ಪೆಟ್ಟಿಗೆಗೆ ಒಂದು ಟವಲು!"

ಪಾಪಣ್ಣನ ಕೆಲಸ ಮುಗಿದಿತ್ತು. ಅವನು ಮೂಲೆಯಿಂದ ಪತ್ರಿಕೆಗಳನ್ನು ಒಂದೊಂದಾಗಿ ಎತ್ತಿ ಸುತ್ತುತ್ತ ಬಂದ. ಪಟ್ಟಿಯ ಮುಂದಿನ ಹಾಳೆ ಎತ್ತಿದಾಗ ಕೆಳಗೆ ನನ್ನ ಕೆಂಪು ಗುರುತು ಕಾಣಿಸಿತು. ಅದರ ಎಡಕ್ಕೆ, ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು ದೂರದಲ್ಲಿ, ಇನ್ನೂ ಎತ್ತದಿದ್ದ ಹಾಳೆಯ ಮೇಲೆ ಸುಣ್ಣದ ಹನಿ ಅಷ್ಟಾಗಿ ಬಿದ್ದಿರಲಿಲ್ಲ. ಅಲ್ಲಿ ಸುಣ್ಣ ತುಳಿದು ಬಂದ ಎರಡು ಚಪ್ಪಲಿಯ ಆಕಾರ ಮಾತ್ರ ಒಣಗಿ ಬೆಳ್ಳಗೆ ಉಳಿದಿತ್ತು.

"ಎತ್ತಬೇಡಿ!" ಎಂದೆ. ಪಾಪಣ್ಣ ಹೆದರಿ ಕೈ ತೆಗೆದ.

ಚಪ್ಪಲಿ ಬಿಚ್ಚಿ ಆಕಾರದ ಮೇಲಿಟ್ಟೆ. ನನ್ನದೇ. ಸೀರೆಗೆ ಸುಣ್ಣ ಬೀಳದಿರಲೆಂದು ಸರಿದು ನಿಂತಿದ್ದೆ. ಮೂರು ಸಲ ನೋಡಿದ್ದೆನಲ್ಲ, ಮೂರು ಸಲವೂ ಅದೇ ಜಾಗದಿಂದ ನೋಡಿದ್ದೆ. ಅಮಾವಾಸ್ಯೆಯಾದ್ದರಿಂದ ಆಮೇಲೆ ಫೋನು ಬಂದಿರಲಿಲ್ಲ, ಮುಳ್ಳು ಚೌಡಕ್ಕನಿಗೆ ನಿಂತಲ್ಲೇ ನಿಂತಿತ್ತು. ಕೆಂಪು ಗುರುತಿನ ಮೇಲೆ ನಿಂತು ಓದಿದೆ. ನಾಲ್ಕು ಗಂಟೆ. ಎಡಕ್ಕೆ ಸರಿದು ಚಪ್ಪಲಿಯ ಜಾಗದಲ್ಲಿ ನಿಂತು ಓದಿದೆ. ಹನ್ನೊಂದು.

ನನ್ನ ಜೀವಮಾನದಲ್ಲಿ ನನಗೆ ಪೂರ್ತಿ ಖಾತ್ರಿಯಾದ ಸಂಗತಿ ಅದೊಂದೇ ಇರಬೇಕು. ನಾನು ತಪ್ಪು ಮಾಡಿದ್ದೇನೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಪರಶಿವಯ್ಯನವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಕೆಮ್ಮು," ಎಂದರು.

"ಅಲ್ಲ ಸಾರ್."

"ಮುಳ್ಳು ಬೆಳಿಗ್ಗೆಯಿಂದ ನಿಂತಿದೆ. ಈ ಮಹಾರಾಯ ಏಣಿ ಎಳೆದಾಡಿದಾನೆ. ಅಲುಗಿರುತ್ತೆ."

"ನಾನ್ ಮುಟ್ಟಿಲ್ಲ ಬುದ್ಧಿ, ನಮ್ಮಪ್ಪನಾಣೆ," ಎಂದ ಪಾಪಣ್ಣ.

"ಅಲುಗಿದ್ದರೆ ಚಪ್ಪಲಿಯ ಜಾಗದಿಂದ ಈಗ ಬೇರೆ ಕಾಣಬೇಕಿತ್ತು ಸಾರ್. ಆಗ ಕಂಡ ಹನ್ನೊಂದೇ ಈಗಲೂ ಕಾಣುತ್ತಿದೆ. ಅಂದರೆ ಮುಳ್ಳು ಅಲುಗಿಲ್ಲ, ನಾನು ಅಲುಗಿದ್ದೆ."

ಅವರು ಕುರ್ಚಿಯಿಂದಲೇ ಕುತ್ತಿಗೆ ಉದ್ದ ಮಾಡಿ ಪಟ್ಟಿಯ ಕಡೆ ನೋಡಿದರು. "ನನಗೆ ಇಲ್ಲಿಂದ ಏಳು ಗಂಟೆ ಕಾಣ್ತಿದೆಯಲ್ರೀ."

"ಅದಕ್ಕೇ ಸಾರ್ ಹೇಳ್ತಿರೋದು."

ಅವರು ಎದ್ದುಹೋಗಿ ಬೀರುವಿನಿಂದ ನಿಯಮದ ಪುಸ್ತಕ ತಂದರು. ಅದರಲ್ಲೊಂದು ನಿಯಮವಿದೆ, ನಾನು ಓದಿದ್ದೆ, ಯಾರೂ ಬಳಸಿದ್ದನ್ನು ಕೇಳಿರಲಿಲ್ಲ. ಹೇಳಿದ ಕಾಲ ತಪ್ಪೆಂದು ಹೇಳಿದವರೇ ಮೈಕಿನಲ್ಲಿ ಒಪ್ಪಿಕೊಂಡರೆ, ಸರಿಯಾದ ಕಾಲ ಗಾಡಿಗೆ ಸೇರುತ್ತದೆ, ತಪ್ಪು ಕಾಲ ಹೇಳಿದವರಿಗೆ ಸೇರುತ್ತದೆ. ಅಷ್ಟು ಹೊತ್ತು ಅವರು ಮೈದಾನದಲ್ಲಿ ಕಾಯಬೇಕು. ಅದರ ಕೆಳಗಿನ ಸಾಲಿನ ಮೇಲೆ ಪರಶಿವಯ್ಯನವರು ಬೆರಳಿಟ್ಟರು. ಒಪ್ಪಿಗೆಯೇ ತಪ್ಪಾಗಿದ್ದರೆ, ಎರಡು ಕಾಲಗಳೂ ಕೂಡಿ ಗಾಡಿಗೇ ಸೇರುತ್ತವೆ.

"ಹದಿನೈದು ಗಂಟೆ," ಎಂದರು ಅವರು. "ಈಗ ಅವಳಿಗೆ ಅರ್ಧ ಹುಳವಾದರೂ ಉಳಿಯಬಹುದು ಅಂತ ಆಸೆ ಇದೆ. ನಿಮ್ಮ ಅನುಮಾನ ಅದನ್ನೂ ಕಿತ್ತುಕೊಂಡ್ರೆ?"

ಈ ಮಾತು ತಾಗಿತು. ಹನ್ನೆರಡು ವರ್ಷ ಸಾವಿರ ಸಲ ಬೆಂಕಿ ಬಿತ್ತೆಂದು ಕೂಗಿ ಸಾವಿರ ಸಲವೂ ಹೊಗೆಯನ್ನು ಕೂಡ ಕಾಣದವಳು ನಾನು. ಆ ಸಾವಿರದ ಹಾಗೆಯೇ ಇದೂ ಒಂದಲ್ಲ ಎಂದು ಯಾವ ಧೈರ್ಯದ ಮೇಲೆ ಹೇಳಲಿ? ಸುಮ್ಮನೆ ನಿಂತು ನನ್ನೊಳಗೇ ಹುಡುಕಿದೆ. ಮಾಮೂಲು ಅನುಮಾನ ಬಂದರೆ ಅದಕ್ಕೆ ಕೊನೆಯಿಲ್ಲ. ಇಪ್ಪತ್ತು ಎಂದೆನೋ, ಇಪ್ಪತ್ತೆರಡು ಎಂದೆನೋ, ಇಪ್ಪತ್ತೈದೇ ಇರಬಹುದೋ ಎಂದು ಕವಲೊಡೆಯುತ್ತಲೇ ಹೋಗುತ್ತದೆ. ಇದಕ್ಕೆ ಕವಲಿರಲಿಲ್ಲ. ಒಂದು ಕಡೆ ಗುರುತು, ಒಂದು ಕಡೆ ಚಪ್ಪಲಿ, ನಡುವೆ ಒಂದು ಮೊಳ.

"ಸಾರ್, ಇದು ಅನುಮಾನ ಅಲ್ಲ. ಅನುಮಾನ ಹೇಗಿರುತ್ತೆ ಅಂತ ಈ ಊರಲ್ಲಿ ನನಗಿಂತ ಚೆನ್ನಾಗಿ ಗೊತ್ತಿರೋರು ಯಾರಿದಾರೆ?"

ನಾನು ಮೈಕು ಎಳೆದುಕೊಂಡೆ.

"ನಾಕು ಸೊನ್ನೆ ಏಳು ಒಂದು, ಜೇನು ಟೆಂಪೋ. ಬೆಳಿಗ್ಗೆ ಹನ್ನೊಂದು ಗಂಟೆ ಅಂತ ಹೇಳಿದ್ದೆ. ಅದು ತಪ್ಪು. ಸೀರೆಗೆ ಸುಣ್ಣ ಬೀಳುತ್ತೆ ಅಂತ ಓರೆಯಾಗಿ ನಿಂತು ಓದಿದ್ದೆ. ಸರಿಯಾದ ಕಾಲ ನಾಲ್ಕು ಗಂಟೆ. ಹೇಳ್ತಿರೋದು ಪ್ರಮೀಳಾ."

ಸೀರೆಯ ವಿಷಯ ಹೇಳಬೇಕಾಗಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಮೈದಾನದ ಕಡೆ ಯಾರೋ ಜೋರಾಗಿ ನಕ್ಕರು.

ಆಫೀಸಿನ ಹಿಂದಿನ ಶೆಡ್ಡಿನಿಂದ ನನ್ನ ಸ್ಕೂಟರು ತೆಗೆದುಕೊಂಡು ಮೈದಾನಕ್ಕೆ ಹೋದೆ. ಚೌಡಕ್ಕ ಆರೂವರೆಗೆ ಬಂದು ನಿಂತವಳು. ಹತ್ತೂವರೆಗೆ ನಾಲ್ಕು ಗಂಟೆ ತುಂಬುತ್ತದೆ. ಆಗ ಹತ್ತು ಗಂಟೆ ಇಪ್ಪತ್ತು. ಹತ್ತಿರ ಹೋದಾಗ ಆ ಸದ್ದು ಕಿವಿಗಿಂತ ಮೊದಲು ಎದೆಗೆ ತಟ್ಟಿತು. ಟೆಂಪೋದ ಹಲಗೆ ಮುಟ್ಟಿದರೆ ಒಲೆಯ ಮೇಲಿನ ಪಾತ್ರೆಯ ಹಾಗೆ ಬಿಸಿ. ಗೋಣಿಚೀಲಗಳು ಆಗಲೇ ಒಣಗಿದ್ದವು. ಚೌಡಕ್ಕ ಐವತ್ತರ ಹತ್ತಿರದ ಗಟ್ಟಿ ಹೆಂಗಸು, ಟವಲು ಹೆಗಲ ಮೇಲೆ ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಸೀರೆ ಚೆಂದಾಗೈತೆ," ಎಂದಳು.

ನಾನು ತಲೆ ತಗ್ಗಿಸಿದೆ.

"ದಿಟವೇನವ್ವ ನಾಕು? ಇಲ್ಲಾಂದ್ರೆ ಹದಿನೈದಾಯ್ತದಂತಲ್ಲ, ಲಾಜರ್ ಅಂದ."

"ದಿಟ."

"ಎಷ್ಟು ದಿಟ?"

"ನಾಲ್ಕು ಗಂಟೆಯಷ್ಟು ದಿಟ," ಎಂದೆ. ಅವಳು ಹೂಂ ಎಂದು ಹೋಗಿ ಸ್ಟೀರಿಂಗಿನ ಮುಂದೆ ಕೂತಳು.

ಸುದ್ದಿ ಹರಡಿ ಕಾಯುತ್ತಿದ್ದವರೆಲ್ಲ ಬಂದು ಗೇಟಿನ ಎರಡೂ ಕಡೆ ನಿಂತರು. ಕ್ಷೌರಿಕ ಅರ್ಧ ಗಡ್ಡ ಬೋಳಿಸಿದ ಗಿರಾಕಿಯೊಂದಿಗೆ ಬಂದಿದ್ದ. ಲಾಜರ್ ಗಡಿಯಾರ ನೋಡಿ ನೋಡಿ ಹೇಳುತ್ತಿದ್ದ. ಐದು ನಿಮಿಷ. ಎರಡು ನಿಮಿಷ. "ಆಯ್ತು, ಹತ್ತೂವರೆ!" ಎಂದ.

ಕಂಬ ಏಳಲಿಲ್ಲ.

ಯಾರೂ ನನ್ನ ಕಡೆ ನೋಡಲಿಲ್ಲ. ಅರ್ಧ ಗಡ್ಡದವನು ಮಾತ್ರ ನೋಡಿ "ಛೇ" ಎಂದ. ಚೌಡಕ್ಕ ಕೀಲಿಯ ಮೇಲೆ ಕೈಯಿಟ್ಟುಕೊಂಡು ನೆಟ್ಟಗೆ ಮುಂದೆ ನೋಡುತ್ತಿದ್ದಳು. ಬೇರೆ ದಿನವಾಗಿದ್ದರೆ ನಾನು ಓಡಿಹೋಗಿ ಮುಳ್ಳನ್ನು ಇನ್ನೊಮ್ಮೆ ನೋಡುತ್ತಿದ್ದೆ.

"ಲಾಜರ್, ನಿಮ್ಮ ಗಡಿಯಾರಕ್ಕೆ ಅವಸರ ಜಾಸ್ತಿ," ಎಂದೆ. "ಸುಮ್ಮನೆ ನಿಂತ್ಕೊಳ್ಳಿ."

"ಇದು ನಮ್ಮ ಮಾವ ಕೊಟ್ಟಿದ್ದು ಮೇಡಂ."

"ಮಾವಂಗೂ ಅವಸರ ಇತ್ತೇನೋ," ಎಂದ ಯಾರೋ ಹಿಂದಿನಿಂದ. ಎಲ್ಲರ ನಗು ಮುಗಿಯುವ ಮೊದಲೇ ಕಂಬ ಕಿರ್ರೆಂದು ಮೇಲೆದ್ದಿತು.

ಟೆಂಪೋ ಧೂಳೆಬ್ಬಿಸಿ ದಾಟಿತು; ಆ ಮೊರೆತ ಸ್ವಲ್ಪ ಹೊತ್ತು ಕೇಳಿಸುತ್ತಲೇ ಇತ್ತು. ಕಂಬ ಇಳಿಯಿತು. ನಾನು ಸ್ಕೂಟರನ್ನು ಅವಳ ಟೆಂಪೋ ನಿಂತಿದ್ದ ಜಾಗಕ್ಕೆ ತಂದು ನಿಲ್ಲಿಸಿ ನನ್ನ ಹನ್ನೊಂದು ಗಂಟೆಯನ್ನು ಶುರುಮಾಡಿದೆ.

ಕಾಯುವುದು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಒಮ್ಮೆಯೂ ದಾಟಿದವಳಲ್ಲ, ಆಚೆ ನನಗೆ ಯಾರೂ ಇಲ್ಲ. ದರ್ಜಿ ತನ್ನ ಛತ್ರಿ ಕೊಟ್ಟ. ಎಂಟು ದಿನದಿಂದ ಅಲ್ಲೇ ಇದ್ದ ಕುಂಬಾರ ದಂಪತಿ ಚಾಪೆಯಲ್ಲಿ ಜಾಗ ಮಾಡಿಕೊಟ್ಟರು. ಹೆಂಡತಿ ಕೇಳಿದಳು, "ನಮ್ದೂ ನೀವೇ ಅಲ್ವಾ ಓದಿದ್ದು? ಆವತ್ತು ಯಾವ ಸೀರೆ ಉಟ್ಟಿದ್ರಿ?" ಗಂಡ "ಸುಮ್ಕಿರೇ" ಎಂದ. ನಾನು ನೆನಪು ಮಾಡಿಕೊಂಡು ಹೇಳಿದೆ: "ನಿಮ್ಮದು ಗುರುತಿನ ಮೇಲೆ ನಿಂತು ಓದಿದ್ದು. ಬೇಕಾದರೆ ನಂಬಿ." ಅವಳು ನನ್ನ ಮುಖ ನೋಡಿ, ಮಡಿಕೆಯಿಂದ ಮಜ್ಜಿಗೆ ಬಗ್ಗಿಸಿ ಕೊಟ್ಟಳು.

ಮಧ್ಯಾಹ್ನ ಪರಶಿವಯ್ಯನವರು ನನ್ನ ಬುತ್ತಿ ಹಿಡಿದುಕೊಂಡು ಬಂದರು. ಅಲ್ಲಿಯವರೆಗೆ ಅವರು ಈ ಮೈದಾನಕ್ಕೆ ಕಾಲಿಟ್ಟದ್ದನ್ನು ನಾನು ಕಂಡಿರಲಿಲ್ಲ. ಛತ್ರಿಯ ಕೆಳಗೆ ಕೂತರು.

"ಅಮಾವಾಸ್ಯೆ ಅಂತಾನೂ ನೋಡದೆ ನಾಲ್ಕು ಫೋನು ಬಂತು. ಎಲ್ಲರೂ ಒಂದೇ ಪ್ರಶ್ನೆ: ಸಾರ್, ಗುರುತಿನ ಮೇಲೆ ನಿಂತಿದೀರಾ? ಒಬ್ಬ ಕೇಳ್ತಾನೆ, ಎರಡೂ ಕಾಲಾ ಸಾರ್, ಒಂದೇ ಕಾಲಾ ಅಂತ."

"ನಿಂತಿದ್ರಾ ಸಾರ್?"

"ನಿಂತಿದ್ದೆ." ಅವರು ಬುತ್ತಿಯ ಮುಚ್ಚಳ ತೆಗೆದು ನನ್ನ ಮುಂದಿಟ್ಟರು. "ನೀವು ಬರೋಕೆ ಮೊದಲು ಆ ಗುರುತು ಇರಲಿಲ್ಲ. ಹತ್ತೊಂಬತ್ತು ವರ್ಷ. ನಾವೆಲ್ಲ ಎಲ್ಲಿ ನಿಂತು ಓದ್ತಿದ್ವಿ ಅಂತ ಬೆಳಿಗ್ಗೆಯಿಂದ ನೆನಪು ಮಾಡ್ಕೊತಿದೀನಿ. ಕೆಲವು ಸಲ ಟೀ ಕುಡೀತಾ ಕಿಟಕಿ ಹತ್ರದಿಂದಲೇ ಹೇಳಿಬಿಡ್ತಿದ್ವಿ."

ಸಮಾಧಾನ ಹೇಳಬಹುದಿತ್ತು, ಅದು ಸುಳ್ಳಾಗುತ್ತಿತ್ತು. "ಅನ್ನ ತಿನ್ನಿ ಸಾರ್, ಇಬ್ಬರಿಗೂ ಆಗುತ್ತೆ," ಎಂದೆ. ಇಬ್ಬರೂ ಒಂದೇ ಬುತ್ತಿಯಲ್ಲಿ ತಿಂದೆವು. ಹೊರಡುವಾಗ ಅವರು "ನಾಳೆ ಬಂದ ಮೇಲೆ ನನಗೂ ಆ ದಾರದ ಪಾಠ ಸರಿಯಾಗಿ ಹೇಳಿಕೊಡಿ," ಎಂದರು.

ಸಂಜೆ ಕಂಬ ಮಲಗಿತು. ಮಾರನೆಯ ಬೆಳಿಗ್ಗೆ ಸೂರ್ಯನೊಂದಿಗೆ ಬಂದು ಉಳಿದ ಮೂರು ಗಂಟೆ ಕೂತೆ. ಒಂಬತ್ತೂವರೆಯ ಹೊತ್ತಿಗೆ ಕಂಬ ನನಗಾಗಿ ಮೇಲೆದ್ದಿತು. ಸ್ಕೂಟರು ತಿರುಗಿಸಿ ಆಫೀಸಿಗೆ ಹೊರಟೆ. ಲಾಜರ್ ಅಡ್ಡ ಬಂದ.

"ಅದೆಲ್ಲಿಗೆ? ಎದ್ದ ಕಂಬ ಖಾಲಿ ಇಳಿಯಲ್ಲ ಮೇಡಂ. ದಾಟ್ಬೇಕು."

"ನನಗೆ ಆಚೆ ಕೆಲಸ ಇಲ್ವಲ್ಲ ಲಾಜರ್."

"ಹಂಗಾದ್ರೆ ಕೆಲಸ ಇಲ್ದೇ ದಾಟಿದ ಮೊದಲ್ನೇ ಮನುಷ್ಯ ನೀವೇ. ಹೊರಡಿ, ಹಿಂದೆ ಜನ ಕಾಯ್ತಾವ್ರೆ."

ಹೀಗೆ ನಾನು ದಾಟಿದೆ. ಹೋಗುವುದಾದರೂ ಎಲ್ಲಿಗೆ? ಜೇನಿನ ಹೊಲ ಎಲ್ಲಿ ಎಂದು ಎರಡು ಕಡೆ ಕೇಳಿದೆ, ತೋರಿಸಿದರು. ಹುಚ್ಚೆಳ್ಳಿನ ಹಳದಿ ಕಣ್ಣು ಹಾಯುವವರೆಗೂ ಹರಡಿತ್ತು. ಬದುವಿನುದ್ದಕ್ಕೂ ಪೆಟ್ಟಿಗೆಗಳು ಸಾಲಾಗಿ ಬಾಯಿ ತೆರೆದು ಕೂತಿದ್ದವು, ಹುಳಗಳು ತಮ್ಮ ಪಾಡಿಗೆ ಹೋಗಿ ಬಂದು ಮಾಡುತ್ತಿದ್ದವು. ಚೌಡಕ್ಕ ಬೇರೆಯಾಗಿಟ್ಟಿದ್ದ ಎರಡು ಪೆಟ್ಟಿಗೆಗಳನ್ನು ಬೋರಲು ಹಾಕಿ ತಟ್ಟುತ್ತಿದ್ದಳು. ನೆಲದ ಮೇಲೆ ಸತ್ತ ಹುಳಗಳು ನೆನೆದ ಕಡಲೆಬೇಳೆಯ ಹಾಗೆ ಗುಪ್ಪೆಯಾಗಿ ಬಿದ್ದವು.

ನಾನು ನಿಂತುಬಿಟ್ಟೆ. "ಎರಡು ಹೋದ್ವಾ?"

"ಎರಡು ಹೋದ್ವು."

"ನನ್ನಿಂದ," ಎಂದೆ.

ಅವಳು ಪೆಟ್ಟಿಗೆ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು. "ನಾಕು ಗಂಟೆ ನಂದು. ಮುಳ್ಳು ತೋರ್ಸಿದ್ದು, ನಾನು ನಿಂತಿದ್ದು. ಇವೆರಡೂ ಆ ನಾಕು ಗಂಟೆಗೆ ಸತ್ತವು. ನಿಂದು ಏಳು ಗಂಟೆ. ಅದ್ರಲ್ಲಿ ಒಂದು ಹುಳಾನೂ ಸತ್ತಿಲ್ಲ. ಸುಮ್ ಸುಮ್ಕೆ ಬ್ಯಾರೆಯೋರ ಸಾವ ಎತ್ಕಂಡೋಗಿ ತಲೆ ಮ್ಯಾಲೆ ಮಡಿಕ್ಕಬ್ಯಾಡ." ಆಮೇಲೆ ಸ್ವಲ್ಪ ಮೆತ್ತಗಾಗಿ, "ಬಂದಿದ್ದೀಯ, ಈ ಚಟ್ಟಿ ಹಿಡ್ಕ. ಮೇಣ ಕೆರೀಬೇಕು," ಎಂದಳು.

ನಾನು ಅವಳ ಲೆಕ್ಕವನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಮಾಡಲಿಲ್ಲ. ಅವಳು ಹೇಳಿದ್ದು ಸರಿ ಎಂದು ಹಾಗೇ ನಂಬಿದೆ. ಮಧ್ಯಾಹ್ನದವರೆಗೆ ಮೇಣ ಕೆರೆದೆ. ಸೀರೆಯ ಸೆರಗಿಗೆ ಅಂಟು ಮೆತ್ತಿಕೊಂಡಿತು.

ಹಿಂತಿರುಗಲು ಆಚೆಯವರ ಆಫೀಸಿಗೆ ಫೋನು ಮಾಡಬೇಕು. ಹೊಲದ ಪಕ್ಕದ ಅಂಗಡಿಯಿಂದ ಮಾಡಿದೆ. ಅವರದೂ ನಮ್ಮದೇ ತರಹದ ಪಟ್ಟಿ, ಮುಳ್ಳು ಎಂದು ಕೇಳಿದ್ದೆ. ಒಬ್ಬ ಹುಡುಗಿಯ ದನಿ ಎತ್ತಿಕೊಂಡಿತು. ನಾನು ಸ್ಕೂಟರಿನ ನಂಬರು ಹೇಳಿದೆ, ಒಳಗೆ ಯಾರಿದ್ದಾರೆ ಎಂಬಲ್ಲಿ ನಾನೊಬ್ಬಳೇ ಎಂದೆ, ಸರಕು ಏನೂ ಇಲ್ಲ ಎಂದೆ. ಅವಳು ದೂರದಲ್ಲಿ ಅದನ್ನು ಜೋರಾಗಿ ಪುನಃ ಹೇಳುವುದು ಕೇಳಿಸಿತು. ತುಂಬ ಹೊತ್ತು ಏನೂ ಇಲ್ಲ. ಪಕ್ಕದಲ್ಲಿ ಫೋನಿಗಾಗಿ ನಿಂತಿದ್ದವನು ಗಂಟಲು ಸರಿಮಾಡಿಕೊಂಡ.

"ಮೇಡಂ, ಇದ್ದೀರಾ?" ಹುಡುಗಿ ಮತ್ತೆ ಫೋನಿಗೆ ಬಂದಳು. "ಎರಡು ದಿನ ಅಂತ ಕಾಣ್ತಿದೆ. ಇನ್ನೂ ಮೈಕಲ್ಲಿ ಹೇಳಿಲ್ಲ. ಎರಡು ಸಲ ನೋಡಿದೆ. ಇನ್ನೊಂದೇ ಒಂದು ಸಲ ನೋಡಿಬಿಡ್ಲಾ? ನಿಮಗೆ ಬೇಜಾರಿಲ್ಲ ಅಂದ್ರೆ."

"ನೋಡಮ್ಮ," ಎಂದೆ. "ನಿಧಾನವಾಗಿ ನೋಡು. ನಾನು ಕಾಯ್ತೀನಿ."